ಚಕ್ಕುಬಂದಿ

ಮಂಜೇಶ್ವರದ ಸಬ್ ರಿಜಿಸ್ಟ್ರಾರ್ ಆಫೀಸಿನೆದುರು
ಮೂವತ್ತೊಂದು ವರ್ಷ ಆಧಾರ ಬರೆದ ಕೈ ಇದು.
ಮೂಡಲಿಗೆ ತೋಡು, ಪಡುವಲಿಗೆ ರೈಲು ಹಳಿ,
ತೆಂಕಲಿಗೆ ಮೊಯ್ದು ಬ್ಯಾರಿಯವರ ಕಂಪೌಂಡು, ಬಡಗಲಿಗೆ ದಾರಿ.
ಒಳಗೇನು ಬೆಳೆಯುತ್ತದೆಂದು ಯಾರೂ ಕೇಳಲಿಲ್ಲ,
ನಾನೂ ಬರೆಯಲಿಲ್ಲ.

ಈಗ ಸಂಜೆ ಆರಕ್ಕೆ ಸೆವ್ರಿನ್ ಬಾಯಿಯ ಹೊಲಿಗೆ ಮೇಜಿನ ಮೇಲೆ
ಕೀಬೋರ್ಡು, ಅದಕ್ಕೊರಗಿಸಿ ಒಂದೇ ಒಂದು ಝೆರಾಕ್ಸ್ ಹಾಳೆ.
ಐದು ಗೆರೆ, ಗೆರೆಗೆ ಹತ್ತಿದ ಇರುವೆ,
ನೆತ್ತಿಯ ಮೇಲೆ ಅಲ್ಲೊಂದು ಇಲ್ಲೊಂದು ಅಕ್ಷರ: ಜಿ. ಸಿ. ಡಿ.
"ಇಷ್ಟೆಯಾ?" ಅಂದೆ.
"ಇಷ್ಟೇ. ರಾಗ ಅವರು ಬರೆದಿದ್ದಾರೆ.
ಉಳಿದದ್ದು ನಿಮ್ಮ ಎಡಗೈಗೆ ಬಿಟ್ಟದ್ದು."

ಭಜನೆಗೆ ಹಾರ್ಮೋನಿಯಂ ಹಿಡಿದವ ನಾನು,
ಒಂದೇ ಷಡ್ಜಕ್ಕೆ ಬೆನ್ನು ಕೊಟ್ಟು ಕೂತವ.
ಮೂರು ಸ್ವರ ಒಟ್ಟಿಗೇ ಬಾಯಿ ತೆರೆದರೆ
ಪಾಲುಪಟ್ಟಿಯ ದಿನದ ಅಣ್ಣತಮ್ಮಂದಿರ ಹಾಗೆ ಕೇಳಿತು ಮೊದಲು.
"ಒಂದು ಒತ್ತಿ, ಒಂದು ಬಿಡಿ, ಒಂದು ಒತ್ತಿ, ಒಂದು ಬಿಡಿ."
ಬಿಟ್ಟದ್ದಕ್ಕೂ ಲೆಕ್ಕ ಉಂಟೆಂದು ಆಮೇಲೆ ತಿಳಿಯಿತು.

ಸಾಲಿನ ಶುರುವಿಗೇ ಒಂಟಿ ಶಾರ್ಪ್,
ಎರಡು ಗೂಟ, ಎರಡು ಅಡ್ಡಕೋಲು, ತುಂಡು ಬೇಲಿ.
"ಅದು ಕಂಡರೆ ಜಿ ಮೇಜರ್. ಜಿ ನಿಮ್ಮ ಮನೆ.
ಸಿ ನಾಲ್ಕನೆಯದು, ಚಪ್ಪಲಿ ಹಾಕದೆ ಹೋಗಿ ಬರಬಹುದು.
ಡಿ ಐದನೆಯದು. ಅಲ್ಲಿ ಕೂರಲಿಕ್ಕೆ ಕುರ್ಚಿ ಇಲ್ಲ."
ನಿಜ. ಡಿ ಒತ್ತಿ ಕೈ ತೆಗೆದರೆ
ಕೋಣೆಯಲ್ಲಿ ಏನೋ ಸಹಿಯಾಗದೆ ಉಳಿಯುತ್ತದೆ.

ಶನಿವಾರದ ಮದುವೆಗೆ ಹಾಡುವ ರೆನಿಟಾ ಬಂದು
ಎತ್ತರವಾಯಿತು, ಇಳಿಸಿ ಅಂದಳು.
ಅಕ್ಷರವೆಲ್ಲ ಬದಲು: ಎಫ್, ಬಿ ಫ್ಲ್ಯಾಟ್, ಸಿ.
"ಹೆಸರು ಬಿಡಿ ಮಾರಾಯ್ರೆ, ನಂಬರು ಹಿಡಿಯಿರಿ. ಒಂದು, ನಾಲ್ಕು, ಐದು."
ಖಾತೆದಾರ ಯಾರಾದರೇನು, ಸರ್ವೆ ನಂಬರು ಅದೇ
ಎಂದುಕೊಂಡವನಿಗೆ
ರೀಸರ್ವೆ ನೆನಪಾಗಿ ನಗು ಬಂತು.

ಅವಳು ಹೋದ ಮೇಲೆ ಮತ್ತೆ ಜಿ.
ಹನ್ನೆರಡನೆಯ ಬಾರಿನಲ್ಲಿ
ಡಿ ಕಳೆಯಿತು, ಇನ್ನು ಮನೆಯೆಂದು ಕೈ ಇಟ್ಟರೆ ಅಲ್ಲ,
ಹಾಳೆಯಲ್ಲಿ ಇ, ಪಕ್ಕದಲ್ಲಿ ಸಣ್ಣ ಎಂ.
ಮನೆಯ ಮೂರು ಸ್ವರದಲ್ಲಿ ಎರಡು ಇದ್ದಲ್ಲೇ ಇವೆ,
ಒಂದು ಎದ್ದು ಹೋಗಿ
ನೆರೆಯ ಕೀಲಿ ಬಂದು ಕೂತಿದೆ.
ಅಷ್ಟಕ್ಕೇ ಇಡೀ ಮನೆ ಬೇರೆ ದನಿ ತೆಗೆಯಿತು.
ಗೊತ್ತು ನನಗದು.
ಅದೇ ತೋಡು, ಅದೇ ಹಳಿ.
ಅಪ್ಪ ಕನ್ನಡದಲ್ಲಿ ಬರೆದ ಜಾಗವನ್ನು
ನಾನು ಮಲಯಾಳದಲ್ಲಿ ಬರೆದುಕೊಟ್ಟಿದ್ದೇನೆ ಎಷ್ಟೋ ಸಲ,
ದುಂಡಗೆ, ಕಾಟು ಹೊಡೆಯದೆ.

"ನಿಲ್ಲಬೇಡಿ, ಮುಂದೆ ಸಿ ಉಂಟು" ಅಂದರು ಸೆವ್ರಿನ್ ಬಾಯಿ.
ಆಗಲೇ ಕರೆಂಟು ಹೋಯಿತು.
ಸತ್ತ ಕೀಲಿಗಳ ಮೇಲೆ ಬೆರಳು ಸಿ ಹಿಡಿಯಿತು, ಡಿ ಹಿಡಿಯಿತು,
ಜಿಗೆ ಬಂತು. ಬರೀ ಪ್ಲಾಸ್ಟಿಕ್ಕಿನ ಟಕಟಕ.
ಕತ್ತಲೆಯಲ್ಲೇ ಅವರೆಂದರು,
"ಎಡಗೈ ಸ್ವಲ್ಪ ತಡ."