ದೋಣಿಯಲ್ಲಿದ್ದ ಹನ್ನೊಂದು ಮಂದಿ

ಚಿಲುಂಬಾದ ದಂಡೆಯಲ್ಲಿ, ಬುಧವಾರದ ಹೆಂಗಸರ ಕೂಟದಲ್ಲಿ
ನನ್ನನ್ನು ಮೊದಲ ಸಲ ಎದ್ದು ನಿಲ್ಲಿಸಿದರು.
ಓದಬೇಕಿದ್ದದ್ದು ಹನ್ನೆರಡೇ ವಚನ,
ಪೇತ್ರ ನೀರಿನ ಮೇಲೆ ನಡೆದ ಕತೆ.
ಗಾಳಿ ಏಳುವ ಮೂರನೆಯದಕ್ಕೆ ಬರುವಾಗ ಅಕ್ಷರಗಳು
ತಟ್ಟಿಯ ಮೇಲೆ ಒಣಹಾಕಿದ ಉಸಿಪಾ ಮೀನಿನ ಹಾಗೆ
ಒಂದರ ಮೇಲೊಂದು ಬಿದ್ದುಕೊಂಡು
ನನ್ನನ್ನೇ ನೋಡತೊಡಗಿದವು.
ಪುಸ್ತಕ ಮುಚ್ಚಿದೆ. ಹೊರಗೆ ಹೋಗಿ ಮಾವಿನ ಬುಡದಲ್ಲಿ ಕೂತೆ.

ಹಿಂದೆಯೇ ಬಂದಳು ನ್ಯಾಗೊಂಡ್ವೆ,
ಎಪ್ಪತ್ತು ದಾಟಿದವಳು, ಊರಿಗೆಲ್ಲ ಬೈಗುಳ ಹಂಚುವವಳು.
ಕಾಲು ಚಾಚಿ, ಮಂಡಿ ತಿಕ್ಕುತ್ತ,
"ಎರಡು ವಚನ ಓದಿದೆ" ಅಂದಳು.
"ಮೂರನೆಯದರಲ್ಲಿ ಬಿದ್ದೆನಲ್ಲ."
"ನಾನು ಎಣಿಸಿದ್ದು ಓದಿದ್ದನ್ನು.
ಒಂದಕ್ಷರ ಬಾರದವಳಿಗೆ ಎರಡು ವಚನ ಅಂದರೆ ಆಸ್ತಿ ಕಣೇ."

ಆಮೇಲೆ ಸರೋವರದ ಕಡೆ ಮುಖ ಮಾಡಿ ಕೇಳಿದಳು:
"ಪೇತ್ರ ಇಳಿದಾಗ ದೋಣಿಯಲ್ಲಿ ಇನ್ನೂ ಹನ್ನೊಂದು ಮಂದಿ ಇದ್ದರಲ್ಲ?
ಗಂಡಸರು. ಗಂಟಲಿದ್ದವರು.
ಒಬ್ಬನಾದರೂ, ನಡಿಯೋ ಮಾರಾಯ, ಇನ್ನು ನಾಲ್ಕೇ ಹೆಜ್ಜೆ, ಅಂದನೇ?
ಅಲ್ಲಿ ಬರೆದಿಲ್ಲ ಅಲ್ಲವೇ?
ಮಾತಾಡಿದ್ದು ಗಾಳಿಯೊಂದೇ. ಅವನು ಗಾಳಿಯ ಮಾತು ಕೇಳಿದ.
ಮುಳುಗುವವನ ಕೈ ಹಿಡಿಯುವುದು ಯೇಸುವಿನ ಕೆಲಸ, ಸರಿ.
ಕೂಗುವುದಕ್ಕೂ ಅವನೇ ಬರಬೇಕೇ?"

ಮುಂದಿನ ಬುಧವಾರ ಮೊದಲ ಬೆಂಚಿನಲ್ಲಿ ಅವಳು.
ನಾನು ತಡವರಿಸಿದಲ್ಲೆಲ್ಲ "ಹೂಂ" ಅನ್ನುತ್ತಿದ್ದಳು,
ಕತೆ ಕೇಳುವ ಮಗುವಿಗಿಂತ ಜೋರಾಗಿ.
ಆ ಹೂಂ ಮೇಲೆ ಕಾಲಿಟ್ಟೆ.
ಇನ್ನೊಂದು ಹೂಂ. ಕಾಲಿಟ್ಟೆ.
ಹನ್ನೆರಡೂ ದಾಟಿದಾಗ ರವಿಕೆ ಬೆನ್ನಿಗಂಟಿತ್ತು.
"ನಿಧಾನವಾಯಿತು" ಅಂದೆ.
"ನೀರಿನ ಮೇಲೆ ಯಾರು ಓಡುತ್ತಾರೆ?" ಅಂದಳು.

ಕಳೆದ ವರ್ಷ, ಮ್ವೇರಾ ಗಾಳಿ ಬೀಸುವ ತಿಂಗಳು,
ಕರೋಂಗಾದ ಆಸ್ಪತ್ರೆಯಲ್ಲಿ ಅವಳ ಕಣ್ಣಿನ ಪೊರೆ ತೆಗೆಯುವ ದಿನ.
ಊರಿಗೇ ಬೈಯುವವಳು ಗೋಡೆ ಹಿಡಿದು ನಿಂತುಬಿಟ್ಟಳು.
ಬಾಗಿಲಿಗೆ ಎಂಟು ಹೆಜ್ಜೆ.
"ಟಾವೊಂಗಾ, ಮನೆಗೆ ಹೋಗೋಣ.
ಇಷ್ಟು ಮಬ್ಬು ನನಗೆ ರೂಢಿಯಾಗಿದೆ."

ಈಗ ನಾನು ಮದುವೆಗೂ ಮಣ್ಣಿಗೂ ಓದುವವಳು.
ಬಾಯಿಪಾಠದ ವಚನ ನೂರಾರು.
ಒಂದೂ ನಾಲಿಗೆಗೆ ಬರಲಿಲ್ಲ.
"ಹೂಂ" ಅಂದೆ.

ಅವಳು ತಲೆಯೆತ್ತಿದಳು. ಬೈದಳು.
ಒಂದು ಹೆಜ್ಜೆ.
"ಹೂಂ."
ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಮುದುಕರು,
ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು,
ಏನು ಎತ್ತ ತಿಳಿಯದೆಯೇ ದನಿ ಕೂಡಿಸಿದರು.
ಹೂಂ. ಹೂಂ.
ಎಷ್ಟು ಮಂದಿಯೋ, ನಾನು ಎಣಿಸಲಿಲ್ಲ.

ಬಾಗಿಲಲ್ಲಿ ಹಸಿರು ಅಂಗಿಯವರು ಯಾರೋ ಕೈ ಚಾಚಿದರು.
ಅವಳಿಗೆ ಅದು ಕಾಣದು.
ಗಾಳಿಯಲ್ಲಿ ತಡಕಾಡಿ,
ಇದ್ದೇ ಇರುತ್ತದೆ ಎಂಬಂತೆ,
ಹಿಡಿದಳು.