ಸೊನ್ನೆಯಿಂದ ಮೂರರವರೆಗೆ

ಕಷ್ಟವಿಲ್ಲದೆ ಆದರೆ ಸೊನ್ನೆ,
ತುಸು ಕಷ್ಟಕ್ಕೆ ಒಂದು, ಬಹಳ ಕಷ್ಟಕ್ಕೆ ಎರಡು,
ಆಗುವುದೇ ಇಲ್ಲ ಅಂದರೆ ಮೂರು.
ಹೀಗೆಂದು ಹೇಳಿಕೊಟ್ಟು ನನ್ನನ್ನು ಕೂರಿಸಿದ್ದಾರೆ
ದಾವಣಗೆರೆಯ ದೊಡ್ಡಾಸ್ಪತ್ರೆಯ ಹದಿನಾಲ್ಕನೇ ಕೋಣೆಯಲ್ಲಿ:
ಒಂದು ಮೇಜು, ಪಾದರಸದ ಕೊಳವೆ, ಒತ್ತಿದರೆ ಓಡುವ ಗಡಿಯಾರ,
ಇಪ್ಪತ್ತು ಪ್ರಶ್ನೆಗಳ ಹಾಳೆಯ ಕಟ್ಟು.

ಕರಿಬಸಮ್ಮ ಬಂದಳು, ಬಾಗಿಲನ್ನು ಮೊಣಕೈಯಿಂದ ನೂಕಿ.
ಮಂಡಿಪೇಟೆಯ ಅಡತಿ ಅಂಗಡಿಗಳ ಹಿಂದೆ
ಹರಿದ ಗೋಣಿಚೀಲ ಹೊಲಿಯುವವಳು.
ಇಪ್ಪತ್ತಾರು ವರ್ಷ ದಬ್ಬಣ ಹಿಡಿದ ಬೆರಳು
ಈಗ ಎಲ್ಲ ಒಂದೇ ಕಡೆಗೆ ವಾಲಿವೆ,
ಗಾಳಿಗೆ ಸಿಕ್ಕ ಜೋಳದ ದಂಟಿನಂತೆ ಎಂದು ಬರೆಯಹೊರಟೆ.
ಫಾರಂನಲ್ಲಿ ಹೋಲಿಕೆಗೆ ಜಾಗವಿಲ್ಲ.

ತೋಳಿಲ್ಲದ ಕುರ್ಚಿಯಿಂದ ಎದ್ದು ನಿಲ್ಲಬಲ್ಲಿರಾ?
'ಕುರ್ಚಿ ಎಲ್ಲೈತಿ ತಾಯಿ? ಚೀಲದ ಮ್ಯಾಲೆ ಕುಂತು
ಚೀಲ ಹೊಲಿಯೋದು. ಏಳಾಕೆ ಮೊದ್ಲು ಮಂಡಿ,
ಆಮೇಲೆ ಗ್ವಾಡಿ, ಆಮೇಲೆ ದುಗ್ಗಮ್ಮ.'
ಎರಡೋ? ಮೂರೋ? ದುಗ್ಗಮ್ಮನ ನೆರವನ್ನು
'ಇನ್ನೊಬ್ಬರ ಸಹಾಯ' ಎಂದು ಗುರುತು ಹಾಕಬೇಕೋ?

ಹಾಲಿನ ಪೊಟ್ಟಣ ಒಡೆಯಬಲ್ಲಿರಾ? 'ಸೊನ್ನಿ ಬರಕೋ.'
ಡಬ್ಬಿಯ ಮುಚ್ಚಳ ತಿರುಗಿಸಬಲ್ಲಿರಾ? ಸೊನ್ನೆ.
ಕುಪ್ಪಸದ ಗುಂಡಿ? ಅದೂ ಸೊನ್ನೆ.
ಪೆನ್ನು ನಿಲ್ಲಿಸಿ ಆ ಕೈಗಳನ್ನು ನೋಡಿದೆ.
'ಪಾಕೀಟಿಗೆ ಹಲ್ಲು ಅದಾವಲ್ಲ.
ಮುಚ್ಚಳ ಹಾಕಿದ್ರೆ ತಾನೆ ತಿರುವೋದು?
ನಮ್ಮನ್ಯಾಗೆ ಈಗ ಯಾವ ಡಬ್ಬಿಗೂ ಮುಚ್ಚಳಿಲ್ಲ,
ತಟ್ಟಿ ಬೋರಲು ಹಾಕಿರ್ತೀನಿ.
ಗುಂಡಿ ಕಿತ್ತು, ಚಪ್ಲಿ ಹೊಲಿಯೋ ಉಚ್ಚೆಂಗೆಪ್ಪನ ಹತ್ರ
ಬೂಟಿಗೆ ಹಾಕೋ ಪಟ್ಟಿ ಹಾಕಿಸೀನಿ,
ಎಳದ್ರೆ ಚರ್ರಂತೈತಿ.
ಕಷ್ಟ ಎಲ್ಲೈತಿ ಹೇಳು.'

ಮನೆಯನ್ನೇ ಬಿಚ್ಚಿ
ಕೈಯ ಅಳತೆಗೆ ತಿರುಗಿ ಹೊಲಿದುಕೊಂಡಿದ್ದಾಳೆ.
ಹಾಳೆ ಹೇಳುತ್ತಿದೆ: ತೊಂದರೆಯಿಲ್ಲ.

ರಕ್ತದೊತ್ತಡದ ಪಟ್ಟಿಯನ್ನು ಸುರುಳಿ ಸುತ್ತಿ
ಇಪ್ಪತ್ತರವರೆಗೆ ಗಾಳಿ ತುಂಬಿ ಅಂಗೈಗಿಟ್ಟೆ. ಹಿಂಡಿ, ಅಂದೆ.
ಪಾದರಸ ಏರಿತು, ನಡುಗಿತು,
ಐವತ್ತೆಂಟು ಮುಟ್ಟಿ ಇಳಿಯಿತು.
'ನೀನು ಹಿಂಡು ನೋಡಾಣ.'
ನಾನು ಇನ್ನೂರು ದಾಟಿಸಿದೆ. ನಾಚಿಕೆಯಾಯಿತು.
ಅವಳಿಗೇನೂ ಆಗಲಿಲ್ಲ. ಸಂತೆಯಲ್ಲಿ ಎಮ್ಮೆ ನೋಡುವಂತೆ
ನನ್ನ ಮುಂಗೈ ತಿರುಗಿಸಿ ನೋಡಿ
'ದಬ್ಬಣಕ್ಕೆ ಒಳ್ಳೆ ಕೈ' ಅಂದಳು.

ಬೆಳಗಿನ ಬಿಗಿತ ಎಷ್ಟು ನಿಮಿಷ?
'ನಿಮಿಷ ಯಾರಿಗ್ಗೊತ್ತು. ನಲ್ಲಿ ನೀರು ಬಂದಾಗ ಬೆರಳು ಕಟ್ಟಿಗಿ.
ಆಚಿಮನಿ ನೂರ್‌ಜಾನ್ ತನ್ನವು ನಾಕು ಕೊಡ ತುಂಬಿ
ನನ್ನವು ಎರಡು ತುಂಬಿಕೊಟ್ಟು
ಮಂಡಕ್ಕಿ ಭಟ್ಟಿಗೆ ಹೋಗ್ತಾಳ.
ಭಟ್ಟಿ ಹೊಗಿ ಎದ್ದಾಗ ಸಡಿಲ ಆಗ್ತಾವು.'
ಎರಡು ಗಂಟೆ ಅಂತ ಬರೆದೆ. ಅಂದಾಜು.

'ಖರೇ ಲೆಕ್ಕ ಬೇಕಂದ್ರೆ ಗೋಡೌನಿನ ಗ್ವಾಡಿ ನೋಡ ಹೋಗು.
ಮೇಸ್ತ್ರಿ ಇದ್ದಲಿಯಾಗ ಗೀಟು ಹಾಕ್ಯಾನ, ದಿನಕ್ಕಿಷ್ಟು ಚೀಲ ಅಂತ.
ಮೊದ್ಲು ನಲವತ್ತು. ಬರ್ತಾ ಬರ್ತಾ ಇಪ್ಪತ್ತೇಳು.
ಹೋದ ಉಗಾದಿಗೆ ಹನ್ನೊಂದು.
ಗುಳಿಗಿ ಸುರು ಆದ ಮ್ಯಾಲೆ ಹದಿನಾಕು.
ಸುಣ್ಣ ಬಳಿಯೋದರೊಳಗೆ ಬರಕೊಂಡು ಬಾ.'

ಕೊನೆಗೆ ಸಹಿ. ಹೆಬ್ಬೆಟ್ಟಿನ ಮಸಿ ಮುಂದಿಟ್ಟೆ.
ಮೊಣಕೈಯಿಂದ ಅದನ್ನು ಸರಿಸಿದಳು.
'ರಾತ್ರಿ ಶಾಲಿಗೆ ಹೋದಾಕಿ ನಾನು.'
ಪೆನ್ನನ್ನು ಎರಡು ಬೆರಳ ಸಂದಿಗೆ ದಬ್ಬಣದಂತೆ ತೂರಿ
ಕ. ರಿ.
ಒಂದು ಉಸಿರು.
ಬ. ಸ.
ಹಾಳೆ ಜಾರದಂತೆ ನಾನು ಹಿಡಿಯಹೋದರೆ
ಕಣ್ಣಲ್ಲೇ ಬೇಡವೆಂದಳು.

ಅಭ್ಯಾಸಬಲ, ಗಡಿಯಾರ ಒತ್ತಿಬಿಟ್ಟಿದ್ದೆ:
ಎರಡು ನಿಮಿಷ ನಲವತ್ತು ಸೆಕೆಂಡು.
ಆ ಅಂಕಿಗೆ ಕಾಲಂ ಇಲ್ಲ.
ಕೊನೆಯ ಮಕಾರದ ಒತ್ತು ಗೆರೆಯಲ್ಲಿ ಹಿಡಿಸದೆ ಕೆಳಗಿಳಿದು
'ಕಚೇರಿ ಉಪಯೋಗಕ್ಕೆ ಮಾತ್ರ' ಎಂಬ ಚೌಕದೊಳಗೆ
ಚಕ್ಕಳಮಕ್ಕಳ ಹಾಕಿ ಕುಂತಿತ್ತು.