ಗುಂಡಿ ಬಸ್ಸು

ಮೊಬೈಲು ಮನೆಯ ಅಕ್ಕಿ ಡಬ್ಬಿಯಲ್ಲಿದೆ.
ನೀರಿಗೆ ಬಿದ್ದದ್ದು ಸೋಮವಾರ,
ಒಣಗಿದ್ದು ಮಂಗಳವಾರವೇ.
ಮಕ್ಕಳಿಗೆ ಇನ್ನೂ ಹೇಳಿಲ್ಲ.

ದುರ್ಗಿಗುಡಿಯ ಈ ಅಂಗಡಿಯಲ್ಲಿ
ಮಷಿನ್ನು, ಇಸ್ತ್ರಿ ಮೇಜು, ನಾನು ಹಿಡಿಸಿ
ಮಿಕ್ಕ ಜಾಗ ಒಂದು ಚಾಪೆಯಷ್ಟು.
ಮೊದಲ ದಿನ ಇಬ್ಬರೂ ಅದರ ಮೇಲೆ ಬಿದ್ದು
ಫ್ಯಾನು ನೋಡಿದರು. ಜಗಳ ಆಡಿದರು. ಮತ್ತೆ ಫ್ಯಾನು.
ಮಾರನೇ ದಿನ ಗುಂಡಿ ಡಬ್ಬಿ ಬೋರಲು ಬಿತ್ತು.
ನಾನು ಕೊಟ್ಟದ್ದಲ್ಲ.

ಈಗ ನನ್ನ ಟೇಪೇ ರಸ್ತೆ.
ಹದಿನೇಳಕ್ಕೆ ಆಯನೂರು, ಇಪ್ಪತ್ತೈದಕ್ಕೆ ಕುಂಸಿ.
ನಾಲ್ಕು ಕಣ್ಣಿನ ಗುಂಡಿಗಳು ಪಾಸಿನವರು,
ರವಿಕೆ ಹುಕ್ಕುಗಳೆಲ್ಲ ಹೆಂಗಸರು, ದುಡ್ಡಿಲ್ಲ,
ಮುತ್ತಿನಂಥದ್ದು ಮದುವಣಗಿತ್ತಿ,
ಕಿಟಕಿ ಪಕ್ಕವೇ ಬೇಕಂತೆ.
"ರೈಟ್, ರೈಟ್" ಅನ್ನುತ್ತಾಳೆ ಋತ್ವಿ.
ಬಂದವರ ಸೊಂಟವನ್ನು
ನಾನು ದಾರ ಸುತ್ತಿ ಅಳೆಯುತ್ತೇನೆ.

ಗುರುವಾರ ಸಾಗರ ಬಸ್ಸಿನ ಕಂಡಕ್ಟರು
ಹಾಲೇಶಪ್ಪ ಬಂದರು, ಖಾಕಿ ಅಂಗಿಗೆ.
"ಎರಡನೇ ಗುಂಡಿ ಎಲ್ಲಿ?"
"ಡ್ಯೂಟಿ ಮೇಲಿದೆ," ಮಯೂರ ತಲೆ ಎತ್ತಲಿಲ್ಲ.

ಅವರು ಬಗ್ಗಿ ನೋಡಿದರು.
"ಚೋರಡಿ ಎಲ್ಲೋ? ಹೊಳೆ ದಾಟದೆ ಆನಂದಪುರಕ್ಕೆ
ಹಾರಿ ಹೋಗ್ತೀಯಾ?"
ಚಪ್ಪಲಿ ಬಿಟ್ಟು ಮಂಡಿಯೂರಿದರು.
ಅರವತ್ತಕ್ಕೆ ಟೇಪು ಮುಗಿದಿತ್ತು, ಸಾಗರ ಬಂದಿರಲಿಲ್ಲ.
ನನ್ನಿಂದ ಒಂದು ಮಾರು ಲೇಸು ಇಸಕೊಂಡು
ಹೊಸ್ತಿಲ ತನಕ ರಸ್ತೆ ಹಾಕಿಸಿದರು.

ನೀಲಿ ಗುಂಡಿ ಹೊಲಿದು ಕೊಟ್ಟೆ.
"ಇರಲಿ ಬಿಡಿ," ಎಂದರು,
"ಅವನನ್ನ ಇಳಿಸಬೇಡಿ, ಟ್ರಿಪ್ಪು ಅರ್ಧಕ್ಕೆ ನಿಲ್ಲುತ್ತೆ."

ರಾತ್ರಿ ಅಕ್ಕಿ ಅಳೆಯುವಾಗ
ಮೊಬೈಲು ಬೆರಳಿಗೆ ತಗುಲಿತು.
ಇನ್ನೂ ಒದ್ದೆ ಎಂಬ ಸುಳ್ಳು
ನಾಲಗೆ ತುದಿಯಲ್ಲೇ ಇತ್ತು.
ಯಾರೂ ಕೇಳಲಿಲ್ಲ.